‘ಕನ್ನಡ’ದಲ್ಲಿ ಅಕ್ಷರಗಳೆಷ್ಟು?

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮತ್ತೊಮ್ಮೆ ಅಕ್ಷರಾಭ್ಯಾಸಕ್ಕೆ ಕುಳಿತೆನೆಂದರೆ ವಾಚಕರು ನಗಬಾರದು. ಕನ್ನಡ ಬೋಧಿಸಿ ಹೊಟ್ಟೆ ಹೊರೆಯುವವನು ನಾನು. ಕೇಶಿರಾಜನ ಸೂತ್ರಗಳಿಗೆ ಅಷ್ಟಾಗಿ ಹೆದರದವನು ಕಳೆದ ಬೇಸಗೆಯಲ್ಲಿ, ಒಂದರ ಮೇಲೊಂದಿಟ್ಟ ಎರಡು ಚುಕ್ಕೆಗಳಿಗೆ ಮೂರು ದಿನ ಹೆದರಿ ಕುಳಿತೆ. ಸಾಲಿನ ಕೊನೆಯಲ್ಲಿ ಆ ಚುಕ್ಕೆಗಳನ್ನು ಮರೆತಿದ್ದೆ. ಗಣಕಯಂತ್ರ ನನ್ನ ಬರಹವನ್ನು ಓದಲೇ ಒಲ್ಲದು.

ಇದಕ್ಕೆಲ್ಲ ಕಾರಣ ಒಬ್ಬ ವಿದ್ಯಾರ್ಥಿನಿ. ನಮ್ಮ ಕುಂಚಾವರಂ ಚಿಂಚೋಳಿ ತಾಲೂಕಿನ ಅಂಚಿನ ಊರು. ಸುತ್ತ ಕಾಡು, ಆಚೆ ತೆಲಂಗಾಣ. ಈ ಹುಡುಗಿ ಸಮೀಪದ ಒಂದು ತಾಂಡಾದವಳು, ಬಿ.ಎ. ಓದುತ್ತಾಳೆ. ತರಗತಿಯಲ್ಲಿ ಭಾಮಿನೀ ಷಟ್ಪದಿಗೆ ಪ್ರಸ್ತಾರ ಹಾಕಿ, ಮೂರು ನಾಲ್ಕು ಮಾತ್ರೆಯ ಗಣಗಳನ್ನು ವಿಂಗಡಿಸುತ್ತಿದ್ದಾಗ ಎದ್ದುನಿಂತು, “ಸರ, ಈ ಪ್ರಸ್ತಾರ ಕಂಪ್ಯೂಟರ್ ಹಾಕಲ್ಲೇನ್ರಿ?” ಎಂದಳು. ಹಾಕೀತು ಎಂದೆ. ಹೇಗೆ ಎಂದಳು. ಆ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಲಿಯೋಣವೆಂದು ಒಂದು ತರಬೇತಿಗೆ ಅರ್ಜಿ ಹಾಕಿದೆ. ಕನ್ನಡ ಎಂ.ಎ. ಎಂದು ಕಂಡೊಡನೆ, ಇದು ವಿಜ್ಞಾನದವರಿಗೆ ಎಂದು ಹಿಂದಕ್ಕೆ ಕಳುಹಿಸಿದರು. ಸರಿ, ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡು, ಕರೆಂಟು ಇದ್ದಾಗ ಇದ್ದಷ್ಟು ಹೊತ್ತು, ನನಗೆ ನಾನೇ ಶಿಷ್ಯನಾದೆ. ಆರಿಸಿಕೊಂಡ ಭಾಷೆ ಪೈಥಾನ್. ಡಚ್ ದೇಶದ ಗೈಡೊ ವ್ಯಾನ್ ರಾಸಮ್ ಎಂಬಾತ 1991ರಲ್ಲಿ ಹೊರತಂದದ್ದು. ಹೆಸರು ಹೆಬ್ಬಾವಿನದಲ್ಲ, ಇಂಗ್ಲೆಂಡಿನ ಒಂದು ಹಾಸ್ಯ ಕಾರ್ಯಕ್ರಮದ್ದು ಎಂದು ತಿಳಿದಾಗ ಸ್ವಲ್ಪ ಧೈರ್ಯ ಬಂದಿತು.

ಮೊದಲ ಪೆಟ್ಟು ಸಮಚಿಹ್ನೆಯಿಂದ. ಪುಸ್ತಕದಲ್ಲಿ ‘ಕ = ಕ + 1’ ಎಂಬರ್ಥದ ಸಾಲೊಂದಿತ್ತು. ಯಾವ ಸಂಖ್ಯೆ ತಾನೇ ತನಗಿಂತ ಒಂದು ಹೆಚ್ಚಾಗಿದ್ದೀತು? ಎರಡು ರಾತ್ರಿ ಅದರೊಡನೆ ಜಗಳವಾಡಿದೆ. ಮೂರನೆಯ ದಿನ ತರಗತಿಯಲ್ಲಿ ಸಂಧಿ ಪಾಠ ಮಾಡುತ್ತಿದ್ದಾಗ ಹೊಳೆಯಿತು: ಇದು ಸಮವಲ್ಲ, ಆದೇಶ! ‘ಮಳೆ’ಗೆ ‘ಕಾಲ’ ಸೇರಿದಾಗ ಕಕಾರದ ಜಾಗಕ್ಕೆ ಗಕಾರ ಬಂದು ‘ಮಳೆಗಾಲ’ ಆಗುವಂತೆ, ಹಳೆಯ ಬೆಲೆಯ ಜಾಗಕ್ಕೆ ಹೊಸ ಬೆಲೆ ಬಂದು ಕೂರುತ್ತದೆ. ವ್ಯಾಕರಣ ಬಲ್ಲವನಿಗೆ ಅರೆಗಳಿಗೆಯ ಮಾತು. ಆದರೆ ಇದನ್ನು ಹೀಗೆಂದು ಹೇಳುವ ಪುಸ್ತಕ ನನ್ನ ಕೈಗೆ ಸಿಕ್ಕಿರಲಿಲ್ಲ.

ಎರಡನೆಯ ಪೆಟ್ಟು ಇನ್ನೂ ರುಚಿಕರವಾದುದು. ‘ಕನ್ನಡ’ ಎಂಬ ಮಾತಿನ ಅಕ್ಷರಗಳನ್ನು ಎಣಿಸೆಂದು ಯಂತ್ರಕ್ಕೆ ಅಪ್ಪಣೆ ಕೊಟ್ಟೆ. ಐದು ಎಂದಿತು. ನಮ್ಮೂರಿನ ಹೆಸರನ್ನು ಕೊಟ್ಟೆ. ಕುಂ, ಚಾ, ವ, ರಂ—ನಾಲ್ಕಕ್ಷರ, ಏಳು ಮಾತ್ರೆ. ಯಂತ್ರ ಹೇಳಿದ್ದು ಎಂಟು! ನನ್ನದೇ ತಪ್ಪಿರಬೇಕೆಂದು ಆ ವಿದ್ಯಾರ್ಥಿನಿಗೆ ತೋರಿಸಿದೆ. ಅವಳು ಕೀಲಿಮಣೆಯ ಮೇಲೆ ನಿಧಾನವಾಗಿ ಒತ್ತಿನೋಡಿ, “ಸರ, ಅದು ಒಂದೊಂದು ತುಣುಕು ಎಣಸ್ಲತ್ತದ, ನಾವು ಬಾಯಿಲೆ ಎಣಸ್ತೀವಿ” ಎಂದಳು.

ಅವಳು ಹೇಳಿದ್ದೇ ನಿಜ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿ ಹಂಚಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ‘ಕ’ಕಾರಕ್ಕೆ 3221, ‘ನ’ಕಾರಕ್ಕೆ 3240, ಅಕಾರವನ್ನು ಕಳೆಯುವ ಆ ಪುಟ್ಟ ಕೊಂಬಿಗೆ 3277. ‘ನ್ನ’ ಎಂಬುದು ನಮಗೆ ಒಂದು ಅಕ್ಷರ. ಅದಕ್ಕೆ ನ, ಕೊಂಬು, ನ ಎಂದು ಮೂರು. ಕಾಗುಣಿತದ ಗುರುತುಗಳೂ ಸೊನ್ನೆಯೂ ಬೇರೆ ಬೇರೆ ಎಣಿಕೆ. ಹಾಗೆಂದು ಯಂತ್ರ ದಡ್ಡನೇನಲ್ಲ. ‘ಧರ್ಮ’ ಎಂಬಲ್ಲಿ ನಮ್ಮ ಕೈ ಅರ್ಕಾವತ್ತನ್ನು ಕೊನೆಗೆ ಬರೆದರೂ ಅದು ರಕಾರವನ್ನು ಮಕಾರಕ್ಕಿಂತ ಮೊದಲೇ ಇಟ್ಟುಕೊಂಡಿರುತ್ತದೆ. ಕೈ ತಪ್ಪಿದಲ್ಲಿ ಕಿವಿಯನ್ನು ನಂಬಿದೆ, ಮಹರಾಯ!

ಇನ್ನು ಅದಕ್ಕೆ ಅಕ್ಷರವೆಂದರೇನೆಂದು ಕಲಿಸಬೇಕಾಯಿತು. ವ್ಯಂಜನ ಬಂದರೆ ಹೊಸ ಅಕ್ಷರ; ಆದರೆ ಅದರ ಹಿಂದೆ ಕೊಂಬಿದ್ದರೆ ಹಳೆಯದಕ್ಕೇ ಸೇರಿಸು. ದೀರ್ಘವಿದ್ದರೆ ಗುರು, ಸೊನ್ನೆ ವಿಸರ್ಗಗಳಿದ್ದರೆ ಗುರು, ಮುಂದೆ ಒತ್ತಕ್ಷರವಿದ್ದರೆ ಗುರು. ನಾಗವರ್ಮನ ‘ಛಂದೋಂಬುಧಿ’ಯ ಕಾಲದಿಂದ ನಾವು ಬಾಯಿಪಾಠ ಮಾಡಿಸುತ್ತ ಬಂದ ನಿಯಮಗಳೇ ಇವು. ಮೂವತ್ತು ಸಾಲಿನೊಳಗೆ ಕೆಲಸ ಮುಗಿಯಿತು. ಬರೆದು ಮುಗಿಸಿದಾಗ ನನಗನಿಸಿತು: ನಾವು ವರ್ಷವರ್ಷವೂ ಕಲಿಸುತ್ತಿದ್ದುದು ಕ್ರಮವಿಧಿಯನ್ನೇ, ಹೆಸರು ಮಾತ್ರ ಬೇರೆ.

ಇಲ್ಲಿ ನನ್ನದೊಂದು ತಕರಾರುಂಟು. ಕಲಾ ವಿಭಾಗದ ಮಕ್ಕಳಿಗೆ, ಅದರಲ್ಲೂ ಕನ್ನಡ ಮಾಧ್ಯಮದವರಿಗೆ, ಇದು ನಿಲುಕದ ವಿದ್ಯೆ ಎಂದು ಹೇಳುತ್ತ ಬಂದಿದ್ದೇವೆ. ಅಡ್ಡಿ ಇಂಗ್ಲಿಷ್ ಎನ್ನುತ್ತಾರೆ. ಪೈಥಾನಿನಲ್ಲಿ ಕಾಯ್ದಿರಿಸಿದ ಮಾತುಗಳು ಮೂವತ್ತೈದು. ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ದಖನಿ ಆಡುವ ಹುಡುಗಿಗೆ ಮೂವತ್ತೈದು ಮಾತು ಹೊರೆಯೆ? ಅವನ್ನೂ ಕನ್ನಡಿಸಬೇಕೆಂಬ ಮಿತ್ರರ ಹಟ ನನಗೆ ಒಪ್ಪಿಗೆಯಿಲ್ಲ; ಇಫ್, ಫಾರ್, ವೈಲ್ ಹಾಗೆಯೇ ಇರಲಿ. ಕನ್ನಡವಾಗಬೇಕಾದುದು ವಿವರಣೆ. ಸಮಚಿಹ್ನೆಯನ್ನು ಆದೇಶವೆಂದು ಹೇಳುವ ಒಂದು ವಾಕ್ಯ ನನ್ನ ಎರಡು ರಾತ್ರಿಗಳನ್ನು ಉಳಿಸುತ್ತಿತ್ತು. ಎಷ್ಟು ಮಕ್ಕಳು ಎರಡು ರಾತ್ರಿ ಕಾಯುತ್ತಾರೆ?

ಸಾಹಿತ್ಯಕ್ಕೂ ಗಣಿತಕ್ಕೂ ಗೋಡೆ ಕಟ್ಟಿದವರು ನಾವೇ. ನೆರೆಯ ಸೇಡಂ ತಾಲೂಕಿನ ಮಳಖೇಡವನ್ನು ರಾಜಧಾನಿಯಾಗಿ ಆಳಿದ ಅಮೋಘವರ್ಷನ ಕಾಲದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೆಂದು ಪ್ರತಿವರ್ಷ ಪಾಠ ಹೇಳುತ್ತೇನೆ. ಅದೇ ದೊರೆಯನ್ನು ಸ್ತುತಿಸಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದನೆಂಬುದನ್ನು ಒಮ್ಮೆಯೂ ಹೇಳಿರಲಿಲ್ಲ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ವಿಧವಾಗಿ ಆಯಬಹುದೆಂಬ ಸಾಮಾನ್ಯ ಸೂತ್ರ ಅದರಲ್ಲಿದೆ.

ಈಗ ಯಂತ್ರವೇ ಕ್ರಮವಿಧಿ ಬರೆದುಕೊಡುವ ಕಾಲ, ಕಲಿಯುವ ದಂಡವೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ‘ಕನ್ನಡ’ದಲ್ಲಿ ಐದಕ್ಷರ ಎಂದು ಅದು ಹೇಳಿದಾಗ ‘ಅಲ್ಲ’ ಎನ್ನುವವರು ಬೇಡವೆ ಎಂದೆ. ಅವರು ಚಹಾ ಕುಡಿದು ಎದ್ದರು. ಒಪ್ಪಿದರೋ ಇಲ್ಲವೋ ತಿಳಿಯದು.

ಮೊನ್ನೆ ಹಳಗನ್ನಡದ ಕಂದಪದ್ಯವೊಂದನ್ನು ಯಂತ್ರಕ್ಕೆ ಕೊಟ್ಟೆವು. ಇಪ್ಪತ್ತು ಮಾತ್ರೆಯಿರಬೇಕಾದ ಎರಡನೆಯ ಸಾಲಿನಲ್ಲಿ ಇಪ್ಪತ್ತೊಂದು ಎಂದಿತು. ಕವಿ ಎಡವಿರಲಿಲ್ಲ. ಅದು ಶಿಥಿಲದ್ವಿತ್ವ: ರ, ಳ ಮೊದಲಾದವುಗಳ ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಎಲ್ಲಿ ತೇಲಿಸಬೇಕು, ಎಲ್ಲಿ ಒತ್ತಬೇಕು? ಅದಕ್ಕೆ ಸಾಲು ಬರೆಯಲು ನನ್ನಿಂದ ಇನ್ನೂ ಆಗಿಲ್ಲ. ಆ ಹುಡುಗಿ ಮಾತ್ರ ನೋಟುಪುಸ್ತಕದಲ್ಲಿ ಅಂಥ ಶಬ್ದಗಳನ್ನು ಪಟ್ಟಿಮಾಡತೊಡಗಿದ್ದಾಳೆ. ನೂರಾದರೆ ಏನಾದರೂ ನಿಯಮ ಕಾಣಬಹುದೆಂದು ಅವಳ ಲೆಕ್ಕ. ನಿನ್ನೆಗೆ ನಲವತ್ತಾರು ಆಗಿದ್ದವು.