ಸಣ್ಣ ಉದ್ದಿಮೆದಾರರೂ ಸರಕಾರದ ಸಹಾಯಧನವೂ

ಸರಕಾರವು ಹಣ ಹಂಚುತ್ತದೆಂಬ ಸುದ್ದಿಯು ನಮ್ಮ ಊರುಗಳಲ್ಲಿ ಬಲು ಬೇಗನೆ ಹಬ್ಬುತ್ತದೆ. ಆ ಹಣವು ಕೊನೆಗೆ ಯಾರ ಕೈ ಸೇರಿತೆಂಬುದು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಹಿಟ್ಟಿನ ಗಿರಣಿ ನಡೆಯಿಸುವವರು, ಗಾಣದವರು, ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು, ಬಡಿಗರು, ಕಮ್ಮಾರರು, ಹೊಲಿಗೆಯವರು ಮೊದಲಾದ ಸಣ್ಣ ಧಂದೆಗಾರರು ಈ ಸುದ್ದಿಯನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳು ಈಚೆಗೆ ಬೇರೆ ತಾಲೂಕುಗಳಾಗಿದ್ದರೂ ನಾವು ಇಲ್ಲಿ ಹಳೆಯ ಎಲ್ಲೆಗಳನ್ನೇ ಹಿಡಿದು ಬರೆಯುತ್ತೇವೆ. ಕಚೇರಿಯ ಹಲಗೆ ಬದಲಾದ ಮಾತ್ರಕ್ಕೆ ಜನರ ಅಡಚಣೆಗಳು ಬದಲಾಗಿಲ್ಲ. ಸಹಾಯಧನದ ನಿಜವಾದ ಸ್ವರೂಪವೇನು, ಅದು ಎಲ್ಲಿ ತಡೆದು ನಿಲ್ಲುತ್ತದೆ, ಯಾರು ಏನು ಮಾಡತಕ್ಕದ್ದು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕಾಗಿದೆ. ಸಹಾಯಧನವೆಂದರೆ ಖಜಾನೆಯಿಂದ ನೇರವಾಗಿ ಉಡಿಗೆ ಬೀಳುವ ದಾನವಲ್ಲ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮವನ್ನೇ ನೋಡಿರಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಹೊಣೆಯಲ್ಲಿ, ಜಿಲ್ಲೆಯ ಮಟ್ಟಿಗೆ ಜಿಲ್ಲಾ ಕೈಗಾರಿಕಾ ಕೇಂದ್ರ ಮೊದಲಾದವುಗಳ ಮುಖಾಂತರ ನಡೆಯುವಂತೆ ಏರ್ಪಟ್ಟ ಈ ಕಾರ್ಯಕ್ರಮದಲ್ಲಿ, ತಯಾರಿಕೆಯ ಉದ್ದಿಮೆಗೆ 50 ಲಕ್ಷ, ಸೇವೆಯ ಉದ್ದಿಮೆಗೆ 20 ಲಕ್ಷ ರೂಪಾಯಿಯವರೆಗೆ ವೆಚ್ಚದ ಮಿತಿಯನ್ನು 2022ರಲ್ಲಿ ಏರಿಸಲಾಯಿತು. ಹಳ್ಳಿಗಾಡಿನಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 25ರಂತೆ, ಸ್ತ್ರೀಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ಇವರಿಗೆ ನೂರಕ್ಕೆ 35ರಂತೆ ಸಹಾಯವೆಂದೂ, ಪಟ್ಟಣಗಳಲ್ಲಿ ಅದು ಕ್ರಮವಾಗಿ 15 ಮತ್ತು 25 ಎಂದೂ ನಿಯಮವಿಟ್ಟಿದ್ದಾರೆ.

ಸಿಂದಗಿ ತಾಲೂಕಿನ ಹಳ್ಳಿಯೊಂದರ ಹೆಣ್ಣುಮಗಳು 10 ಲಕ್ಷ ರೂಪಾಯಿಯ ವೆಚ್ಚದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಗಳನ್ನು ತಯಾರಿಸುವ ಸಣ್ಣ ಕಾರಖಾನೆ ಹಾಕುವಳೆಂದು ಭಾವಿಸೋಣ. ಅವಳು ತನ್ನ ಕೈಯಿಂದ 50 ಸಾವಿರ ಹಾಕಬೇಕು. ಉಳಿದ 9 ಲಕ್ಷ 50 ಸಾವಿರವನ್ನು ಬ್ಯಾಂಕು ಸಾಲವಾಗಿ ಕೊಡಬೇಕು. ಸರಕಾರದ 3 ಲಕ್ಷ 50 ಸಾವಿರವು ಆಮೇಲೆ ಬ್ಯಾಂಕಿಗೆ ಬಂದು ಅವಳ ಹೆಸರಿನಲ್ಲಿ 3 ವರ್ಷ ಠೇವಣಿಯಾಗಿ ಕುಳಿತಿರುತ್ತದೆ. ಅದಕ್ಕೆ ಬಡ್ಡಿ ಇಲ್ಲ, ಅಷ್ಟು ಮೊತ್ತದ ಸಾಲಕ್ಕೂ ಬಡ್ಡಿ ಇಲ್ಲ. ಮೂರು ವರ್ಷ ಉದ್ದಿಮೆಯು ನಡೆದದ್ದು ಪರೀಕ್ಷೆಯಿಂದ ಸಿದ್ಧವಾದರೆ ಮಾತ್ರ ಅದು ಸಾಲಕ್ಕೆ ವಜಾ ಆಗುತ್ತದೆ. ಅಂದ ಮೇಲೆ ಈ ಧನದ ಬೀಗದ ಕೈ ದಿಲ್ಲಿಯಲ್ಲಿಯೂ ಇಲ್ಲ, ಬೆಂಗಳೂರಿನಲ್ಲಿಯೂ ಇಲ್ಲ. ಅದು ಊರಿನ ಬ್ಯಾಂಕಿನ ಶಾಖಾಧಿಕಾರಿಯ ಮೇಜಿನ ಮೇಲಿದೆ. ಅವರು ಸಾಲಕ್ಕೆ ಒಪ್ಪದಿದ್ದರೆ ಸಹಾಯಧನದ ಪ್ರಶ್ನೆಯೇ ಹುಟ್ಟುವುದಿಲ್ಲ. ಹೊಲಮನೆಯುಳ್ಳವನಿಗೆ ಸಾಲವೂ ಸಿಗುತ್ತದೆ, ಅದರ ಹಿಂದೆ ಸಹಾಯಧನವೂ ಬರುತ್ತದೆ. ಏನೂ ಇಲ್ಲದವನಿಗಾಗಿ ಹೊರಟ ಧನವು ಇದ್ದವನ ಮನೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಸಣ್ಣ ಉದ್ದಿಮೆಗಳ 10 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಆಸ್ತಿಯ ಅಡವು ಕೇಳಕೂಡದೆಂದು ರಿಸರ್ವ್ ಬ್ಯಾಂಕು 2010ರಲ್ಲಿಯೇ ಆಜ್ಞೆ ಮಾಡಿತು. ಆದರೂ ಉತಾರೆ ತೆಗೆದುಕೊಂಡು ಬಾ, ಜಾಮೀನುದಾರನನ್ನು ಕರೆದುಕೊಂಡು ಬಾ ಎಂಬ ಮಾತು ನಮ್ಮ ಪೇಟೆಗಳಲ್ಲಿ ಇನ್ನೂ ನಿಂತಿಲ್ಲ.

ಈ ಸಂಗತಿಗೆ ಒಂದು ಹಳೆಯ ಬೇರಿದೆ. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಉದ್ಯೋಗಧಂದೆಗಳಿಗೆ ಸಿಕ್ಕ ಆಸರೆಯೂ ಹರಿದು ಹಂಚಿಹೋಗಿತ್ತು. ಮೈಸೂರಿನಲ್ಲಿ 1913ರಲ್ಲಿ ಸಂಸ್ಥಾನದ ಬ್ಯಾಂಕು ಹುಟ್ಟಿತು. ಮದ್ರಾಸ ಇಲಾಖೆಯಲ್ಲಿ ಉದ್ದಿಮೆಗಳಿಗೆ ಸರಕಾರದ ನೆರವು ಕೊಡುವ 1922ರ ಕಾಯದೆ ಬಂದಿತು. ನಿಜಾಮರ ಸೀಮೆಯಲ್ಲಿ 1929ರಲ್ಲಿ ಕೈಗಾರಿಕಾ ನಿಧಿಯೊಂದನ್ನು ಕಟ್ಟಿದರು. ಮುಂಬಯಿ ಇಲಾಖೆಯ ತುದಿಯಲ್ಲಿ ಬಿದ್ದಿದ್ದ ವಿಜಾಪುರದವರಿಗೆ ಪರಿಚಯವಿದ್ದದ್ದು ಮುಖ್ಯವಾಗಿ ತಗಾವಿ; 1883 ಮತ್ತು 1884ರ ಕಾಯದೆಗಳಿಂದ ಬಂದ ಆ ಸಾಲವು ಬಾವಿಗೆ, ಬೀಜಕ್ಕೆ, ಎತ್ತಿಗೆ ಎಂದು ಹೊಲವಿದ್ದ ಒಕ್ಕಲಿಗನಿಗೆ ಮೀಸಲು. ಗಾಣಿಗನೂ ಕಂಬಳಿ ನೇಯುವವನೂ ಸಾಹುಕಾರನ ಕಟ್ಟೆಯನ್ನೇ ಹತ್ತಬೇಕಾಯಿತು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘವು ತೋರಿಸಿದ ದಾರಿಯು ನಮ್ಮ ಕಡೆಗೂ ಬಂದಿತಾದರೂ ಅದು ಹೆಚ್ಚಾಗಿ ಬೆಳೆಸಾಲದ ದಾರಿಯಾಗಿಯೇ ಉಳಿಯಿತು. 1956ರಲ್ಲಿ ನಾಡು ಒಂದಾಯಿತು. 1959ರಲ್ಲಿ ರಾಜ್ಯದ ಹಣಕಾಸು ಸಂಸ್ಥೆಯು ಸ್ಥಾಪಿತವಾಯಿತು. ನಕಾಶೆಯಲ್ಲಿ ಗೆರೆಗಳು ಅಳಿದವು. ಲೆಕ್ಕದ ಪುಸ್ತಕದಲ್ಲಿ ಅಳಿದವೇ?

ಅಳಿಯಲಿಲ್ಲವೆಂಬುದಕ್ಕೆ ಡಾ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯೇ ಸಾಕ್ಷಿ. ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಆ ಸಮಿತಿಯು ಎಣಿಸಿತು. ನಾವು ಹೇಳುತ್ತಿರುವ ನಾಲ್ಕೂ ತಾಲೂಕುಗಳು ಆ ಪಟ್ಟಿಯಲ್ಲಿವೆ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚ ಮಾಡಬೇಕೆಂಬ ಸೂಚನೆಯೂ ಅದರಲ್ಲಿತ್ತು. ಮುಂದೆ ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದಾಗ ಅದರ ಫಲವು ಹಳೆಯ ಹೈದರಾಬಾದು ಸೀಮೆಗೂ ಬಳ್ಳಾರಿಗೂ ಸಂದಿತು. ಅದು ನ್ಯಾಯವೇ, ನಮ್ಮ ಅಣ್ಣತಮ್ಮಂದಿರಿಗೆ ಸಿಕ್ಕದ್ದಕ್ಕೆ ನಾವು ಮತ್ಸರಪಡುವವರಲ್ಲ. ಆದರೆ ಭೀಮೆಯ ಆಚೆಯ ದಂಡೆಯಲ್ಲಿ ಅಫಜಲಪುರವು ಒಂದು ಲೆಕ್ಕಕ್ಕೆ, ಈಚೆಯ ದಂಡೆಯಲ್ಲಿ ಆಲಮೇಲವು ಇನ್ನೊಂದು ಲೆಕ್ಕಕ್ಕೆ. ಎರಡೂ ದಂಡೆಗಳ ಮೇಲೆ ಬೀಳುವ ಮಳೆ ಒಂದೇ, ಬೀಳದಿರುವ ಮಳೆಯೂ ಒಂದೇ.

ಬ್ಯಾಂಕುಗಳ ಕತೆಯೂ ವಿಚಾರಕ್ಕೆ ತಕ್ಕುದಾಗಿದೆ. ಒಂದು ಕಾಲಕ್ಕೆ ಬಿಜಾಪುರ ಗ್ರಾಮೀಣ ಬ್ಯಾಂಕೆಂದು ಜಿಲ್ಲೆಯದೇ ಆದ ಬ್ಯಾಂಕೊಂದಿತ್ತು. 2005ರಲ್ಲಿ ಅದು ಮಲಪ್ರಭಾ ಮೊದಲಾದವುಗಳೊಂದಿಗೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಗಿ ಧಾರವಾಡಕ್ಕೆ ಹೋಯಿತು. 2025ರ ಮೇ 1ರಿಂದ ಅದೂ ಇನ್ನೊಂದರೊಡನೆ ಕೂಡಿ, ಇಡಿಯ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಗಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿಯನ್ನು ಹೂಡಿತು. ಕನ್ನಡ ನಾಡಿನ ಏಕೀಕರಣವನ್ನು ಬಯಸಿದ ನಾವು ಬ್ಯಾಂಕುಗಳ ಏಕೀಕರಣಕ್ಕೆ ಹೇಗೆ ತಾನೇ ಅಡ್ಡಬರುವೆವು? ಆದರೂ ಒಂದು ಮಾತನ್ನು ಹೇಳಲೇಬೇಕು. ಸಣ್ಣ ಸಾಲವು ಮುಖಪರಿಚಯದ ಸಾಲ. ಮುದ್ದೇಬಿಹಾಳದ ಯಾವ ಅಂಗಡಿಯವನು ನಂಬಿಗಸ್ತನೆಂಬುದು ಊರಿಗೆ ಗೊತ್ತು. ಅದು ದೂರದ ಕಚೇರಿಯ ಅಂಕಪಟ್ಟಿಗೆ ಗೊತ್ತಾಗುವುದಿಲ್ಲ. ಶಾಖಾಧಿಕಾರಿಯು ಎರಡು ಮೂರು ವರ್ಷಗಳಿಗೊಮ್ಮೆ ವರ್ಗವಾಗುವವನಿದ್ದು, ಕನ್ನಡವನ್ನೂ ಅರಿಯದವನಾದರೆ, ಆ ನಂಬಿಗೆಯನ್ನು ಅವನಿಗೆ ತಿಳಿಸಿ ಹೇಳುವವರು ಯಾರು?

ಇಂಡಿಯ ಲಿಂಬೆಯ ವಿಷಯದಲ್ಲಿ ಈ ಎಲ್ಲ ತೊಡಕುಗಳು ಒಟ್ಟಿಗೆ ಕಾಣಸಿಗುತ್ತವೆ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. 2025ರಲ್ಲಿ ಅದು ಸಂಯುಕ್ತ ಅರಬ ಸಂಸ್ಥಾನಗಳಿಗೆ ಹೊರಟಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿಯೇ ಇದೆ. ಕಿರು ಆಹಾರ ಉದ್ದಿಮೆಗಳಿಗೆಂದು ಕೇಂದ್ರ ಸರಕಾರವು 2020ರಲ್ಲಿ ಹೊರಡಿಸಿದ ಯೋಜನೆಯಲ್ಲಿ ಜಿಲ್ಲೆಗೊಂದು ಬೆಳೆಯನ್ನು ಗೊತ್ತುಮಾಡಿದಾಗ ವಿಜಾಪುರಕ್ಕೆ ಬಂದದ್ದು ಲಿಂಬೆಯೇ. ಅದರಲ್ಲಿ ಕೇಂದ್ರವು ನೂರಕ್ಕೆ 35ರಂತೆ 10 ಲಕ್ಷದವರೆಗೆ ಕೊಡುವುದಾಗಿ ಹೇಳಿತು. ನಮ್ಮ ರಾಜ್ಯ ಸರಕಾರವು ನೂರಕ್ಕೆ 15ನ್ನು ಮೇಲೆ ಕೂಡಿಸಿ, ಒಟ್ಟು ಅರ್ಧದಷ್ಟು, 15 ಲಕ್ಷದವರೆಗೆ, ಸಿಗುವಂತೆ ಮಾಡಿತು. ಇದು ಹೊಗಳತಕ್ಕ ಕೆಲಸವೆಂಬುದನ್ನು ನಾವು ಒಪ್ಪುತ್ತೇವೆ.

ಆದರೆ ಲಿಂಬೆಯ ವ್ಯಾಪಾರವು ನಡೆಯುವ ರೀತಿ ಬೇರೆ. ಬೇಸಗೆಯಲ್ಲಿ ಬೆಲೆ ಮುಗಿಲಿಗೇರುತ್ತದೆ. ಮಳೆಗಾಲದಲ್ಲಿ ಹಣ್ಣು ಹೆಚ್ಚಾಗಿ ಬೆಲೆ ನೆಲಕ್ಕಿಳಿದಾಗ ಚೀಲದ ಬಾಡಿಗೆಯೂ ಹುಟ್ಟದೆ ತೋಟಿಗರು ಕೈಚೆಲ್ಲುತ್ತಾರೆ. ಉಪ್ಪಿನಕಾಯಿ ಹಾಕುವವನು, ರಸ ತೆಗೆಯುವವನು ಹಣ್ಣನ್ನು ಕೊಳ್ಳಬೇಕಾದದ್ದು ಆ ಅಗ್ಗದ ವಾರಗಳಲ್ಲಿ. ಕೊಂಡದ್ದನ್ನು ಉಪ್ಪಿನಲ್ಲಿಟ್ಟು, ತಿಂಗಳುಗಟ್ಟಲೆ ಕಾಯ್ದು, ಮಾರಿ, ಬಾಕಿ ವಸೂಲು ಮಾಡುವವರೆಗೆ ಅವನ ಹಣವೆಲ್ಲ ಭರಣಿಯಲ್ಲಿಯೇ ಇರುತ್ತದೆ. ಸಹಾಯಧನವು ಯಂತ್ರಕ್ಕೆ ಸಿಗುತ್ತದೆ, ಹಣ್ಣಿಗೆ ಸಿಗುವುದಿಲ್ಲ. ಹೊಸ ಯಂತ್ರವು ಕೋಣೆಯಲ್ಲಿ ನಿಂತಿದೆ, ಹಣ್ಣು ಕೊಳ್ಳಲು ಕೈಯಲ್ಲಿ ದುಡ್ಡಿಲ್ಲ: ಇಂಥ ಉದ್ದಿಮೆಯು ಮೂರು ವರ್ಷ ಬಾಳುವುದೆಂತು? ಯಂತ್ರದ ಸಾಲದೊಂದಿಗೆ ಹಂಗಾಮಿನ ಖರೀದಿಗೆ ತಕ್ಕ ದುಡಿಯುವ ಬಂಡವಾಳವನ್ನೂ ಒಂದೇ ಸಲ ಮಂಜೂರು ಮಾಡಬೇಕು. ಅದೂ ಮಳೆಗಾಲದ ಮೊದಲೇ ಆಗಬೇಕು. ಕಾಗದಪತ್ರಗಳು ದೀಪಾವಳಿಗೆ ಮುಗಿದರೆ ಆ ವರ್ಷದ ಅಗ್ಗದ ಹಣ್ಣು ಕೈತಪ್ಪಿದಂತೆಯೇ. ಲಿಂಬೆ ಮಂಡಳಿಯವರು ಬೇರೆ ಯಾವ ಕೆಲಸವನ್ನು ಮಾಡದಿದ್ದರೂ ಚಿಂತೆಯಿಲ್ಲ, ಬ್ಯಾಂಕುಗಳಿಗೆ ಈ ಪಂಚಾಂಗವನ್ನು ತಿಳಿಸಿಕೊಟ್ಟರೆ ಸಾಕು.

ಇನ್ನು ತೀರ ಸಣ್ಣವರು. ಬೀದಿ ವ್ಯಾಪಾರಿಗಳಿಗೆ 2020ರಿಂದ ಸ್ವನಿಧಿ ಸಾಲ ಉಂಟು. ಮೊದಲ ಕಂತು 10 ಸಾವಿರವಿದ್ದದ್ದು 2025ರಲ್ಲಿ 15 ಸಾವಿರವಾಯಿತು. ಕುಲಕಸುಬಿನವರಿಗೆ 2023ರ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ ಉಪಕರಣಗಳಿಗೆಂದು 15 ಸಾವಿರವೂ, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲವೂ ಗೊತ್ತಾದವು. 2015ರ ಮುದ್ರಾ ಸಾಲದಲ್ಲಿ ಸಹಾಯಧನವಿಲ್ಲವೆಂಬುದನ್ನು ಮಾತ್ರ ಎಲ್ಲರೂ ನೆನಪಿನಲ್ಲಿಡಬೇಕು. ಅದು ಬರೀ ಸಾಲ, ಬಡ್ಡಿ ಸಹಿತ ತೀರಿಸಬೇಕಾದ ಸಾಲ. ಇಂಥ ಯೋಜನೆಗಳೆಲ್ಲ ಅವಧಿಗೆ ಕಟ್ಟುಬಿದ್ದವಾದ್ದರಿಂದ ಅರ್ಜಿ ಹಾಕುವ ಮುನ್ನ ಅಂದಿನ ನಿಯಮವನ್ನು ಕೈಗಾರಿಕಾ ಕೇಂದ್ರದಲ್ಲಿ ಕೇಳಿ ತಿಳಿಯತಕ್ಕದ್ದು.

ಆ ಕೇಂದ್ರವಿರುವುದು ಜಿಲ್ಲೆಯ ಊರಿನಲ್ಲಿ. ಮುದ್ದೇಬಿಹಾಳದಿಂದ ಅಲ್ಲಿಗೆ ಸುಮಾರು 80 ಕಿಲೋಮೀಟರು. ಒಂದು ಸಹಿ ತಪ್ಪಿತೆಂದು ಮರಳಿ ಬಂದರೆ ಎರಡು ದಿನದ ಗಳಿಕೆ ಹೋಯಿತು. ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬಬೇಕು, ಉದ್ದಿಮೆಯ ವರದಿಯು ಬಹುತೇಕ ಇಂಗ್ಲಿಷಿನಲ್ಲಿಯೇ ಸಿದ್ಧವಾಗುತ್ತದೆ. ಕೊಲ್ಹಾರದ ಬಡಿಗನು ತನ್ನ ಕೆಲಸದ ಲಾಭನಷ್ಟವನ್ನು ತಾನೇ ಓದಲಾರದ ಭಾಷೆಯಲ್ಲಿ ಬರೆಯಿಸಿ ರುಜು ಹಾಕುತ್ತಾನೆ! ಇಲ್ಲಿಯೇ ದಲ್ಲಾಳಿಯು ಹುಟ್ಟುತ್ತಾನೆ. 2020ರ ಜುಲೈಯಿಂದ ನಡೆದಿರುವ ಉದ್ಯಮ ನೋಂದಣಿಗೆ ಸರಕಾರದ ಶುಲ್ಕ ಒಂದು ಪೈಯೂ ಇಲ್ಲ. ಇದನ್ನು ಅರಿಯದವರಿಂದ ನೂರಾರು ರೂಪಾಯಿ ಕೀಳುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮಂಜೂರಾದ ಮೇಲೆ ನೂರಕ್ಕೆ ಇಷ್ಟು ಎಂದು ಪಾಲು ಕೇಳುವವರ ಮಾತು ಬೇರೆ. ಈ ನಾಲ್ಕು ತಾಲೂಕುಗಳ ಶಾಲಾ ಮಾಸ್ತರರಲ್ಲಿ ನಮ್ಮದೊಂದು ಬಿನ್ನಹವಿದೆ: ವಾರಕ್ಕೊಂದು ಸಂಜೆ, ಊರಿನ ವಾಚನಾಲಯದಲ್ಲಿ ಕುಳಿತು, ಕೇಳಿ ಬಂದವರಿಗೆ ಅರ್ಜಿಯ ನಮೂನೆಯನ್ನು ಕನ್ನಡದಲ್ಲಿ ಓದಿ ಹೇಳಿದರೆ ದಲ್ಲಾಳಿಯ ಅರ್ಧ ಅಂಗಡಿಯು ತಾನಾಗಿ ಮುಚ್ಚುವುದು.

ನಮ್ಮವರ ತಪ್ಪನ್ನೂ ಮುಚ್ಚಿಡುವುದು ಸರಿಯಲ್ಲ. ನೆರೆಯವನ ಕೋಣೆಯ ಯಂತ್ರವನ್ನು ತನ್ನದೆಂದು ತೋರಿಸಿ ಹಣವೆತ್ತುವುದು, ಉದ್ದಿಮೆಗೆಂದು ತಂದದ್ದನ್ನು ಮದುವೆಗೆ ಸುರಿಯುವುದು, ಮುಂದೆ ಸರಕಾರವು ಸಾಲ ಮನ್ನಾ ಮಾಡೀತೆಂದು ಕಾಯುವುದು: ಇವುಗಳಿಂದ ಕೆಡುವುದು ಅವನೊಬ್ಬನ ಹೆಸರಲ್ಲ. ಅದೇ ಓಣಿಯ ಪ್ರಾಮಾಣಿಕನು ಮರುವರ್ಷ ಬ್ಯಾಂಕಿಗೆ ಹೋದರೆ ಅವನಿಗೂ ಬಾಗಿಲು ಮುಚ್ಚಿರುತ್ತದೆ. ಕಾಯಕವನ್ನು ಲೋಕಕ್ಕೆ ಸಾರಿದವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅಧಿಕಾರಿಗಳಲ್ಲಿ ನಾವು ಬೇಡುವುದು ಹೊಸ ಯೋಜನೆಯನ್ನಲ್ಲ, ಇದ್ದವುಗಳ ಲೆಕ್ಕವನ್ನು. ಸಣ್ಣ ಸಾಲದ ಅರ್ಜಿಗೆ ರಶೀದಿ ಕೊಡಬೇಕು, ತಿರಸ್ಕರಿಸಿದರೆ ಕಾರಣವನ್ನು ಬರೆದುಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ 2003ರಿಂದಲೂ ಇರುವ ಮಾತು. ಆ ಕಾರಣವು ಕನ್ನಡದಲ್ಲಿರಲಿ. ಜಿಲ್ಲೆಯ ಬ್ಯಾಂಕುಗಳವರೂ ಅಧಿಕಾರಿಗಳೂ ಮೂರು ತಿಂಗಳಿಗೊಮ್ಮೆ ಸಭೆ ಸೇರುತ್ತಾರೆ. ಆ ಸಭೆಯ ಮುಂದೆ ಬರುವ ಅಂಕಿಗಳನ್ನು ಜಿಲ್ಲೆಗೆ ಒಟ್ಟಾಗಿ ಕೊಡದೆ ತಾಲೂಕುವಾರು ಕೊಡಲಿ: ಇಂಡಿಯಿಂದ ಅರ್ಜಿಗಳೆಷ್ಟು, ಸಿಂದಗಿಯಿಂದ ಎಷ್ಟು, ಬ್ಯಾಂಕಿಗೆ ಹೋದವೆಷ್ಟು, ಮಂಜೂರಾದವೆಷ್ಟು, ಮರಳಿದವೆಷ್ಟು, ಹೆಣ್ಣುಮಕ್ಕಳ ಕೈಗೆ ನಿಜವಾಗಿ ಸಂದದ್ದೆಷ್ಟು. ಅವನ್ನು ತಾಲೂಕು ಕಚೇರಿಯ ಹಲಗೆಯ ಮೇಲೆ ಹಚ್ಚಲಿ. ಅಂಕಿಗಳು ನಮ್ಮ ಕೈ ಸೇರಿದರೆ ಸ್ಥಳದ ಅಭಾವವನ್ನು ನೆವ ಹೇಳದೆ ಇದೇ ಅಂಕಣದಲ್ಲಿ ಪೂರ್ತಿಯಾಗಿ ಅಚ್ಚುಹಾಕುತ್ತೇವೆ.