ಎಷ್ಟು ಇಂಚು ಅಂತ ಕೇಳಿದ್ರೆ ಸಾಲ್ದು

ನಮ್ಮ ಕೋಲಾರದ ಕಡೆ ಯಾರ ಮನೇಲಿ ಬೋರು ಕೊರೆಸಿದ್ರೂ ನಾವು ಕೇಳೋದು ಒಂದೇ: "ಎಷ್ಟು ಇಂಚು ಬಂತಕ್ಕ?" ನೀರಲ್ಲಿ ಏನೈತೆ ಅಂತ ಕೇಳಲ್ಲ. ಈಗ ಎಷ್ಟೋ ಬೋರು ಸಾವಿರ ಅಡಿ ದಾಟೈತೆ. ಆಳದ ಬಂಡೆ ಸಂದೀಲಿ ಬಹಳ ಕಾಲ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಸೇರ್ಕೊಳ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದ್ರೂ ಹೋಗಲ್ಲ, ನೀರು ಬತ್ತಿದಷ್ಟೂ ಅದರ ಪಾಲು ಹೆಚ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಅದು ಕುಡಿಯೋ ನೀರೇ ಅಲ್ಲ.

ಮಗಳ ಹಲ್ಲಿನ ಕಲೆ ನೋಡಿ "ನೆಟ್ಟಗೆ ಉಜ್ಜಲ್ಲ" ಅಂತ ನಾನು ಎಷ್ಟು ಬೈದಿದ್ದೀನೋ! ನೀರು ಟೆಸ್ಟ್ ಮಾಡಿಸಿದ್ಮೇಲೆ ಗೊತ್ತಾಯ್ತು, ತಪ್ಪು ಅವಳದಲ್ಲ. ಬೋರಿಗೆ ಲಕ್ಷಗಟ್ಲೆ ಸುರಿಯೋ ನಾವು ಒಂದು ಬಾಟ್ಲಿ ನೀರು ಪರೀಕ್ಷೆಗೆ ಕೊಡೋಕೆ ಯಾಕೆ ಹಿಂದೆಮುಂದೆ ನೋಡ್ತೀವಿ? ಇನ್ಮೇಲೆ ಇಂಚು ಕೇಳೋಕೆ ಮುಂಚೆ "ಟೆಸ್ಟ್ ಮಾಡ್ಸಿದ್ರಾ?" ಅಂತ ಕೇಳ್ರಮ್ಮ.