ಜಾರುವ ಗೇರುಪೆಟ್ಟಿಗೆ: ನಿದಾನ ಮೊದಲು, ಚಿಕಿತ್ಸೆ ಅನಂತರ

ನಮಗೆ ಪರಿಚಿತರಾದ ಉಪಾಧ್ಯಾಯರೊಬ್ಬರಲ್ಲಿ ಸ್ವಯಂಚಾಲಿತ ಗೇರಿನ ಕಾರೊಂದು ಇದೆ. ಅವರು ಒಮ್ಮೆ ಸಂಸಾರಸಮೇತರಾಗಿ ಆಗುಂಬೆಯ ಘಾಟಿಯನ್ನು ಏರುತ್ತಿದ್ದಾಗ ಎಂಜಿನ್ನು ಇದ್ದಕ್ಕಿದ್ದಂತೆ ಅಬ್ಬರಿಸಿತು. ಕಾರು ಮಾತ್ರ ಮುಂದೆ ಸಾಗಲೊಲ್ಲದೆ ತಡವರಿಸಿತು. ಬೆನ್ನ ಹಿಂದೆ ವಾಹನಗಳ ಸಾಲು, ಪಕ್ಕದಲ್ಲಿ ಪ್ರಪಾತ. ಹೇಗೋ ಊರು ಸೇರಿ ಕಾರನ್ನು ಗ್ಯಾರೇಜಿಗೆ ಒಯ್ದರು. “ಗೇರುಪೆಟ್ಟಿಗೆ ಸ್ಲಿಪ್ ಆಗುತ್ತಿದೆ, ಬದಲಾಯಿಸಬೇಕು” ಎಂಬ ತೀರ್ಪು ಹತ್ತೇ ನಿಮಿಷಗಳಲ್ಲಿ ಹೊರಬಿತ್ತು. ಸಾಲ ಮಾಡಿ ಬದಲಾಯಿಸಿದ್ದಾಯಿತು. ಆರು ತಿಂಗಳು ತುಂಬುವುದರೊಳಗೆ ಮತ್ತೊಂದು ಏರಿನಲ್ಲಿ ಅದೇ ಅಬ್ಬರ, ಅದೇ ತಡವರಿಕೆ! ಆಗ ಬೇರೊಬ್ಬ ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಿ ನೋಡಿದರು. ಗೇರುಪೆಟ್ಟಿಗೆಯ ಎಣ್ಣೆಯನ್ನು ತಂಪುಗೊಳಿಸಲು ಕೊಂಡೊಯ್ಯುವ ರಬ್ಬರು ಕೊಳವೆಯೊಂದು ಬಿರಿದು, ಎಣ್ಣೆ ಹನಿಹನಿಯಾಗಿ ಸೋರುತ್ತಿತ್ತು. ಉಪಾಧ್ಯಾಯರ ಅಂಗಳದಲ್ಲಿ ಕಾರು ನಿಲ್ಲುವೆಡೆ ಕೆಂಪು ಕಲೆಯೊಂದು ಮೊದಲಿನಿಂದಲೂ ಇತ್ತು. ಅದರ ವಿಷಯವನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ಆದರೆ ಇಲ್ಲಿ ನಡೆದುದು ಅಷ್ಟು ಸರಳವಲ್ಲ. ಹಳೆಯ ಪೆಟ್ಟಿಗೆಯ ಕ್ಲಚ್ಚುಗಳು ನಿಜವಾಗಿಯೂ ಸುಟ್ಟಿದ್ದಿರಬಹುದು. ಆದರೆ ಅವು ಸುಡಲು ಕಾರಣವೇನು? ಈ ಪ್ರಶ್ನೆಯನ್ನು ಕೇಳದೆ ಮಾಡಿದ ದುರಸ್ತಿಯು ದುರಸ್ತಿಯೇ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಜಾರುವಿಕೆ ಎಂಬುದು ಲಕ್ಷಣದ ಹೆಸರು, ರೋಗದ ಹೆಸರಲ್ಲ. ಲಕ್ಷಣದಿಂದ ಕಾರಣಕ್ಕೆ ಸಾಗುವ ದಾರಿಯನ್ನು ನಮ್ಮ ವೈದ್ಯರು ‘ನಿದಾನ’ ಎಂದು ಕರೆದರು. ಯಂತ್ರಕ್ಕೂ ನಿದಾನವುಂಟು, ವಿಜ್ಞಾನವನ್ನು ಓದುವ ವಿದ್ಯಾರ್ಥಿಗೆ ಅದು ಒಳ್ಳೆಯ ಪಾಠವೂ ಹೌದು.

ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ. ಎರಡು ಬೀಸಣಿಗೆಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ತಿರುಗಿಸಿದರೆ, ಅದರ ಗಾಳಿಯಿಂದ ಇನ್ನೊಂದೂ ತಿರುಗುತ್ತದೆಯಷ್ಟೆ. ಗಾಳಿಯ ಬದಲು ದ್ರವವನ್ನು ಬಳಸಿ ಶಕ್ತಿಯನ್ನು ಸಾಗಿಸುವ ಸಾಧನಕ್ಕೆ ಜರ್ಮನಿಯ ಹರ್ಮನ್ ಫಟಿಂಗರ್ ಎಂಬ ಎಂಜಿನಿಯರ್ ೧೯೦೫ರಲ್ಲಿ ಪೇಟೆಂಟು ಪಡೆದನು. ಆತನ ಲಕ್ಷ್ಯವಿದ್ದುದು ಹಡಗುಗಳ ಕಡೆಗೆ. ೧೯೩೯ರಲ್ಲಿ ಅಮೆರಿಕೆಯ ಜನರಲ್ ಮೋಟಾರ್ಸ್ ಸಂಸ್ಥೆಯು ತನ್ನ ೧೯೪೦ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗಾಗಿ ‘ಹೈಡ್ರಾ-ಮ್ಯಾಟಿಕ್’ ಗೇರುಪೆಟ್ಟಿಗೆಯನ್ನು ಹೊರತಂದಾಗ ಈ ದ್ರವಬಂಧವು ಜನಸಾಮಾನ್ಯರ ವಾಹನವನ್ನು ಸೇರಿತು. ಅದರ ಸುಧಾರಿತ ರೂಪವೇ ಇಂದಿನ ಟಾರ್ಕ್ ಕನ್ವರ್ಟರ್. ಅದರ ಹಿಂದೆ, ನಡುವೆ ಸೂರ್ಯನಂತೆ ಒಂದು ಗೇರು, ಅದನ್ನು ಸುತ್ತುವ ಗ್ರಹಗಳಂತೆ ಕೆಲವು ಗೇರುಗಳು, ಹೊರಗೆ ಬಳೆಯಂತೆ ಇನ್ನೊಂದು, ಹೀಗೆ ಜೋಡಿಸಿದ ಗ್ರಹಗೇರುಗಳಿರುತ್ತವೆ. ಇವುಗಳಲ್ಲಿ ಯಾವುದನ್ನು ಹಿಡಿದು ನಿಲ್ಲಿಸಬೇಕು, ಯಾವುದನ್ನು ತಿರುಗಲು ಬಿಡಬೇಕು ಎಂಬುದರ ಮೇಲೆ ವೇಗದ ಅನುಪಾತ ನಿರ್ಧಾರವಾಗುತ್ತದೆ. ಹಿಡಿಯುವ ಕೈಗಳೇ ಕ್ಲಚ್ಚುಗಳು ಮತ್ತು ಪಟ್ಟಿಗಳು; ಆ ಕೈಗಳಿಗೆ ಬಲ ಕೊಡುವುದು ಪಂಪು ಒತ್ತಿ ಕಳುಹಿಸುವ ಎಣ್ಣೆ.

ಟಾರ್ಕ್ ಕನ್ವರ್ಟರಿನಲ್ಲಿ ಸ್ವಲ್ಪ ಜಾರುವಿಕೆ ಸಹಜ. ಬಂಧಕ ಕ್ಲಚ್ಚು ಹಿಡಿದುಕೊಳ್ಳುವವರೆಗೆ ಅಲ್ಲಿ ಶಕ್ತಿಯನ್ನು ಸಾಗಿಸುವುದು ಬರಿಯ ದ್ರವವಾದುದರಿಂದ ಹಾಗಾಗುವುದು ದೋಷವಲ್ಲ. ಹಿಡಿಯಬೇಕಾದ ಕ್ಲಚ್ಚು ಹಿಡಿಯದಿದ್ದರೆ ಅದು ದೋಷ. ಒಂದು ಲೆಕ್ಕ ಮಾಡೋಣ. ನೇರ ಗೇರಿನಲ್ಲಿ, ಅಂದರೆ ಒಂದಕ್ಕೊಂದು ಅನುಪಾತದಲ್ಲಿ, ಹೊರಹೋಗುವ ದಂಡವು ನಿಮಿಷಕ್ಕೆ ೨೦೦೦ ಸುತ್ತು ತಿರುಗುತ್ತಿದ್ದರೆ ಗ್ರಹಗೇರುಗಳಿಗೆ ಒಳಬರುವ ದಂಡವೂ ಅಷ್ಟೇ ತಿರುಗಬೇಕು. ಅದು ೨೪೦೦ ಸುತ್ತು ತಿರುಗುತ್ತಿದೆಯೆನ್ನಿ. ಉಳಿದ ೪೦೦ ಸುತ್ತು ಎಲ್ಲಿ ಹೋಯಿತು? ಕ್ಲಚ್ಚಿನ ತಟ್ಟೆಗಳ ಉಜ್ಜಾಟದಲ್ಲಿ ಕಳೆಯಿತು. ಆ ತಟ್ಟೆಗಳು ಸಾಗಿಸುತ್ತಿರುವ ತಿರುಚುಬಲವು ೧೫೦ ನ್ಯೂಟನ್-ಮೀಟರ್ ಆದರೆ, ಶಾಖವಾಗಿ ಪರಿಣಮಿಸುವ ಸಾಮರ್ಥ್ಯ ೬ ಕಿಲೋವಾಟಿಗೂ ಮಿಗಿಲು. ಸಾವಿರ ವಾಟಿನ ಆರು ಇಸ್ತ್ರಿಪೆಟ್ಟಿಗೆಗಳನ್ನು ಒಂದು ಪುಟ್ಟ ಪೆಟ್ಟಿಗೆಯೊಳಗೆ ಇಟ್ಟು ಕಾಯಿಸಿದಂತೆ! ಜಾರುವ ಕಾರನ್ನು ‘ಇನ್ನೂ ಓಡುತ್ತಿದೆಯಲ್ಲ’ ಎಂದು ಓಡಿಸುವವರು ಈ ಲೆಕ್ಕವನ್ನು ನೆನಪಿಡಬೇಕು.

ಹಾಗಾದರೆ ನಿದಾನದ ಕ್ರಮವೇನು? ಸುಲಭವಾದುದು ಮೊದಲು, ಕಷ್ಟವಾದುದು ಅನಂತರ; ಪೆಟ್ಟಿಗೆಯನ್ನು ಬಿಚ್ಚುವುದು ಕಟ್ಟಕಡೆಗೆ.

ಮೊದಲನೆಯದು ಎಣ್ಣೆ. ಎಂಜಿನ್ನಿನ ಎಣ್ಣೆಯಂತೆ ಗೇರುಪೆಟ್ಟಿಗೆಯ ಎಣ್ಣೆ ಉರಿದು ವ್ಯಯವಾಗುವುದಿಲ್ಲ. ಆದುದರಿಂದ ಅದು ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಎಣ್ಣೆ ಕಡಮೆಯಾದಾಗ ಪಂಪು ಗಾಳಿಯನ್ನೂ ಹೀರುತ್ತದೆ. ಗಾಳಿ ಬೆರೆತ ಎಣ್ಣೆ ನೊರೆಯಾಗಿ ಒತ್ತಡ ಕುಸಿಯುತ್ತದೆ. ಕ್ಲಚ್ಚಿನ ಹಿಡಿತ ಸಡಿಲವಾಗುತ್ತದೆ. ಏರಿನಲ್ಲಿ ಎಣ್ಣೆಯು ತೊಟ್ಟಿಯ ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾಗಬಹುದು. ಉಪಾಧ್ಯಾಯರ ಕಾರು ಘಾಟಿಯಲ್ಲೇ ಕೈಕೊಟ್ಟುದರ ಗುಟ್ಟು ಇದೇ. ಎಣ್ಣೆ ಮಿತಿಮೀರಿದರೂ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡುತ್ತವೆ. ಅಳೆಯುವ ಕ್ರಮವು ಕಾರಿನಿಂದ ಕಾರಿಗೆ ಬೇರೆ. ಅನೇಕ ಹೊಸ ಕಾರುಗಳಲ್ಲಿ ಅಳತೆಯ ಕಡ್ಡಿಯೇ ಇರುವುದಿಲ್ಲ. ತಯಾರಕರ ಕೈಪಿಡಿಯೇ ಇಲ್ಲಿ ಪ್ರಮಾಣ. ಎಣ್ಣೆ ಕಪ್ಪಗಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ಚುಗಳು ಬೆಂದಿರುವ ಸಂಭವ ಹೆಚ್ಚು. ಬರಿಯ ಎಣ್ಣೆ ತುಂಬುವುದರಿಂದ ಅವು ಮತ್ತೆ ಚಿಗುರುವುದಿಲ್ಲ.

ಎರಡನೆಯದು ತರ್ಕ. ಯಾವ ಯಾವ ಗೇರಿನಲ್ಲಿ ಜಾರುತ್ತದೆ? ಕ್ರೈಸ್ಲರ್ ಸಂಸ್ಥೆಯು ೧೯೫೬ರಲ್ಲಿ ಹೊರತಂದ ಮೂರು ವೇಗಗಳ ‘ಟಾರ್ಕ್‌ಫ್ಲೈಟ್’ ಗೇರುಪೆಟ್ಟಿಗೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಹಿಂಬದಿಯ ಕ್ಲಚ್ಚು ಮುಂದೆ ಸಾಗುವ ಮೂರು ಗೇರುಗಳಲ್ಲಿಯೂ ಹಿಡಿಯುತ್ತದೆ. ಮುಂಬದಿಯ ಕ್ಲಚ್ಚು ಮೂರನೆಯ ಗೇರಿನಲ್ಲಿ ಮತ್ತು ರಿವರ್ಸಿನಲ್ಲಿ ಮಾತ್ರ, ಮುಂಬದಿಯ ಪಟ್ಟಿ ಎರಡನೆಯ ಗೇರಿನಲ್ಲಿ ಮಾತ್ರ ಹಿಡಿಯುತ್ತವೆ. ಮೂರರಲ್ಲಿಯೂ ರಿವರ್ಸಿನಲ್ಲಿಯೂ ಜಾರಿ, ಒಂದು ಮತ್ತು ಎರಡರಲ್ಲಿ ಸರಿಯಾಗಿದ್ದರೆ ಸಂಶಯ ಯಾರ ಮೇಲೆ? ಮುಂಬದಿಯ ಕ್ಲಚ್ಚಿನ ಮೇಲೆ. ಎರಡರಲ್ಲಿ ಮಾತ್ರ ಜಾರಿದರೆ ಆ ಪಟ್ಟಿಯ ಮೇಲೆ. ರಿವರ್ಸು ಸರಿಯಿದ್ದು ಮುಂದಿನ ಗೇರುಗಳೆಲ್ಲ ಜಾರಿದರೆ ಹಿಂಬದಿಯ ಕ್ಲಚ್ಚಿನ ಮೇಲೆ. ಎಲ್ಲದರಲ್ಲಿಯೂ ಜಾರಿದರೆ, ಎಲ್ಲಕ್ಕೂ ಸಮಾನವಾದ ಎಣ್ಣೆ, ಸೋಸಕ, ಪಂಪುಗಳ ಮೇಲೆ. ಒಂದು ಸ್ಪ್ಯಾನರನ್ನೂ ಮುಟ್ಟದೆ ಇಷ್ಟನ್ನು ಅರಿಯಬಹುದು! ಗಣಗಳ ಛೇದನವನ್ನು ಕಪ್ಪುಹಲಗೆಯ ಮೇಲೆ ಕಲಿತ ವಿದ್ಯಾರ್ಥಿಗೆ ಅದರ ಪ್ರಯೋಜನವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಅಪರೂಪ.

ಮೂರನೆಯದು ಅಳತೆ. ಒತ್ತಡಮಾಪಕವನ್ನು ಜೋಡಿಸಿದರೆ ಎಣ್ಣೆಯ ಒತ್ತಡ ಸಾಲದೊ, ಒತ್ತಡವಿದ್ದೂ ಕ್ಲಚ್ಚು ಹಿಡಿಯದೊ ಎಂಬುದು ತಿಳಿಯುತ್ತದೆ. ಬ್ರೇಕನ್ನು ಬಿಗಿಯಾಗಿ ಒತ್ತಿಹಿಡಿದು, ಗೇರಿನಲ್ಲಿಟ್ಟು, ಕೆಲವೇ ಕ್ಷಣ ಎಂಜಿನ್ನಿಗೆ ಪೂರ್ಣ ಬಲ ಕೊಟ್ಟು ಅದರ ಸುತ್ತುಗಳನ್ನು ಎಣಿಸುವ ಪರೀಕ್ಷೆಯೂ ಉಂಟು. ಸುತ್ತು ನಿಗದಿಗಿಂತ ಹೆಚ್ಚಾದರೆ ಒಳಗೆ ಜಾರುತ್ತಿದೆ. ಕಡಮೆಯಾದರೆ ಎಂಜಿನ್ನು ದುರ್ಬಲವಾಗಿರಬಹುದು ಅಥವಾ ಕನ್ವರ್ಟರಿನ ಏಕಮುಖ ಕ್ಲಚ್ಚು ಕೆಟ್ಟಿರಬಹುದು. ಆದರೆ ಇದು ಅಪಾಯಕರ, ಎಣ್ಣೆಯನ್ನು ಕ್ಷಣದಲ್ಲಿ ಕುದಿಸಬಲ್ಲದು. ತಯಾರಕರು ಒಪ್ಪಿದ ಕಾರುಗಳಲ್ಲಿ ನುರಿತವರು ಮಾತ್ರ ಮಾಡತಕ್ಕದ್ದು. ವಿದ್ಯಾರ್ಥಿಗಳು ತಾವಾಗಿ ಮಾಡಕೂಡದು.

“ಈಗ ಕಂಪ್ಯೂಟರೇ ದೋಷವನ್ನು ಹೇಳುವಾಗ ಇಷ್ಟೆಲ್ಲ ಏಕೆ?” ಎಂದು ಕೆಲವರು ಕೇಳಬಹುದು. ಇಂದಿನ ಕಾರಿನ ಗಣಕವು ಒಳಬರುವ ಮತ್ತು ಹೊರಹೋಗುವ ದಂಡಗಳ ವೇಗವನ್ನು ಸದಾ ಹೋಲಿಸುತ್ತಿರುತ್ತದೆಂಬುದು ನಿಜ. ಹೊಂದದಿದ್ದರೆ ಪಿ೦೭೩೦ ಎಂಬಂತಹ ಸಂಕೇತವನ್ನು ದಾಖಲಿಸುತ್ತದೆ. ಆದರೆ ಆ ಸಂಕೇತದ ಅರ್ಥವೇನು? ‘ಗೇರಿನ ಅನುಪಾತ ತಪ್ಪಾಗಿದೆ’ ಎಂದಷ್ಟೆ. ನಾವು ಆಗಲೇ ಮಾಡಿದ ಲೆಕ್ಕವನ್ನೇ ಯಂತ್ರವೂ ಮಾಡಿತು. ಜಾರುವಿಕೆಗೆ ಒಂದು ಸಂಖ್ಯೆಯನ್ನು ಇಟ್ಟಿತು. ಎಣ್ಣೆ ಸೋರಿತೆ, ವಿದ್ಯುತ್ ಕವಾಟ ಸಿಕ್ಕಿಕೊಂಡಿತೆ, ಕ್ಲಚ್ಚಿನ ಸೀಲು ಹರಿಯಿತೆ, ವೇಗವನ್ನು ಅಳೆಯುವ ಉಪಕರಣವೇ ಕೆಟ್ಟಿತೆ ಎಂಬುದನ್ನು ಆ ಸಂಖ್ಯೆ ಹೇಳದು. ಉಷ್ಣಮಾಪಕವು ಜ್ವರವನ್ನು ತೋರಿಸುತ್ತದೆ, ಔಷಧವನ್ನು ಬರೆದುಕೊಡುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ‘ಆಟೋಮ್ಯಾಟಿಕ್’ ಎಂದು ಕರೆಯಲಾಗುವ ಕಾರುಗಳೆಲ್ಲ ಒಂದೇ ಜಾತಿಯವಲ್ಲ. ಭಾರತದಲ್ಲಿ ೨೦೧೪ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ಬಂದು ಹರಡಿದ ‘ಎ.ಎಂ.ಟಿ.’ಯಲ್ಲಿ ಟಾರ್ಕ್ ಕನ್ವರ್ಟರೂ ಇಲ್ಲ, ಗ್ರಹಗೇರುಗಳೂ ಇಲ್ಲ. ಅಲ್ಲಿರುವುದು ಸಾಮಾನ್ಯ ಗೇರುಪೆಟ್ಟಿಗೆಯೇ; ಕ್ಲಚ್ಚನ್ನು ಒತ್ತುವ ಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ. ಅಲ್ಲಿ ಜಾರಿದರೆ ಮೊದಲು ನೋಡಬೇಕಾದುದು ಕ್ಲಚ್ಚಿನ ತಟ್ಟೆಯನ್ನು. ಆದುದರಿಂದ ‘ನಿಮ್ಮದು ಯಾವ ಬಗೆಯ ಪೆಟ್ಟಿಗೆ?’ ಎಂಬುದೇ ಎಲ್ಲಕ್ಕಿಂತ ಮೊದಲ ಪ್ರಶ್ನೆ.

ತಪ್ಪೆಲ್ಲವನ್ನೂ ಗ್ಯಾರೇಜಿನವರ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಪರೀಕ್ಷೆಗೆ ಹೊತ್ತು ಹಿಡಿಯುತ್ತದೆ. ಹೊಸ ಭಾಗಕ್ಕೆ ಹಣ ಕೊಡುವ ನಾವು ಪರೀಕ್ಷಿಸಿದ ಹೊತ್ತಿಗೆ ಹಣ ಕೊಡಲು ಹಿಂದೆಗೆಯುತ್ತೇವೆ. “ಸಂಜೆಗೆ ಕಾರು ಬೇಕು” ಎಂದು ಅವಸರಪಡಿಸುವವರೂ ನಾವೇ. ನಿದಾನಕ್ಕೆ ಬೆಲೆಯಿಲ್ಲದ ಕಡೆ ಊಹೆಯೇ ವ್ಯಾಪಾರವಾಗುವುದರಲ್ಲಿ ಆಶ್ಚರ್ಯವೇನು? ಶಾಲೆ ಕಾಲೇಜುಗಳದೂ ಇದರಲ್ಲಿ ಪಾಲಿದೆ. ಘರ್ಷಣೆಯ ನಿಯಮವನ್ನು ಬಾಯಿಪಾಠ ಮಾಡಿಸುತ್ತೇವೆ. ಕೆಟ್ಟ ಯಂತ್ರವೊಂದನ್ನು ಎದುರಿಗಿಟ್ಟು ‘ಇದಕ್ಕೆ ಕಾರಣಗಳು ಎಷ್ಟಿರಬಹುದು? ಯಾವುದನ್ನು ಮೊದಲು ತಳ್ಳಿಹಾಕಬಹುದು?’ ಎಂದು ಕೇಳುವುದು ವಿರಳ.

ಗೇರುಪೆಟ್ಟಿಗೆಯನ್ನು ಬದಲಾಯಿಸಬೇಕೆಂದು ಯಾರಾದರೂ ಹೇಳಿದಾಗ ಎರಡು ಪ್ರಶ್ನೆಗಳನ್ನು ಕೇಳುವುದು ನಮ್ಮ ಹಕ್ಕು: ಏನು ಕೆಟ್ಟಿದೆ? ಅದು ಏಕೆ ಕೆಟ್ಟಿತು? ಮೊದಲನೆಯದಕ್ಕೆ ಮಾತ್ರ ಉತ್ತರ ದೊರೆತರೆ ಹಣದ ಚೀಲವನ್ನು ಇನ್ನೂ ಬಿಚ್ಚಬೇಕಾಗಿಲ್ಲ. ನಮ್ಮ ಉಪಾಧ್ಯಾಯರು ಹೊಸ ಕೊಳವೆಯನ್ನು ಹಾಕಿಸಿದ್ದಾರೆ. ಗೇರುಪೆಟ್ಟಿಗೆಗಾಗಿ ಮಾಡಿದ ಸಾಲದ ಕಂತುಗಳನ್ನು ಇನ್ನೂ ಕಟ್ಟುತ್ತಿದ್ದಾರೆ. ತಮ್ಮ ತರಗತಿಯಲ್ಲಿ ಘರ್ಷಣೆಯ ಪಾಠವನ್ನು ಈಗ ಅಂಗಳದ ಆ ಕೆಂಪು ಕಲೆಯಿಂದಲೇ ಆರಂಭಿಸುತ್ತಾರಂತೆ.